ಬಟನ್ ಸವೆಯದ ಟೈರು

ಬದರಿನಾಥರ ಮನೆಯ ಟೀವಿ ರಿಮೋಟಿನ ಮೇಲೆ ಅಂಗಡಿಯಿಂದ ಬಂದ ದಿನದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಇದೆ. ಅದು ಹಳದಿಯಾಗಿ, ಬಿರುಸಾಗಿ, ಒಳಗಿನ ಗುಂಡಿಗಳ ಮೇಲೆ ಬರೆದದ್ದೇನೂ ಕಾಣದಂತಾಗಿ ಎಷ್ಟೋ ಕಾಲವಾಯಿತು. ಧ್ವನಿ ಹೆಚ್ಚಿಸಲು ಹೋದರೆ ಚಾನೆಲ್ ಬದಲಾಗುತ್ತದೆ, ಚಾನೆಲ್ ಬದಲಿಸಲು ಹೋದರೆ ಟೀವಿಯೇ ಆರಿಹೋಗುತ್ತದೆ. ಆದರೆ ಒಳಗಿರುವ ರಿಮೋಟು ಹೊಚ್ಚ ಹೊಸದು. ಬಂದವರಿಗೆಲ್ಲ ಅವರು ಅದನ್ನು ಹೆಮ್ಮೆಯಿಂದ ತೋರಿಸುತ್ತಾರೆ.

ಅವರು ಹುಟ್ಟಿದ್ದು ತಿರುವಲ್ಲಿಕ್ಕೇಣಿಯಲ್ಲಿ. ತಾತನ ಕಾಲಕ್ಕೇ ಮದರಾಸಿಗೆ ಬಂದು ನೆಲೆಸಿದ ಮಾಧ್ವ ಕುಟುಂಬ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಆಫೀಸಿನಲ್ಲಿ ಇಂಗ್ಲಿಷು; ಕೋಪ ಬಂದರೆ ಮೂರೂ ಒಂದೇ ಉಸಿರಿನಲ್ಲಿ. ನುಂಗಂಬಾಕ್ಕಂನ ಒಂದು ಇನ್ಶೂರೆನ್ಸ್ ಕಂಪನಿಯ ಮೋಟಾರು ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದರು. ಅಪಘಾತವಾದ ಕಾರುಗಳನ್ನು ನೋಡಿ, ಕ್ಲೇಮು ಕೊಡಬಹುದೇ ಬೇಡವೇ ಎಂದು ಹೇಳುವ ಕೆಲಸ. ಜೀವಮಾನವೆಲ್ಲ ಜಜ್ಜಿದ ಬಾಗಿಲು, ಪುಡಿಯಾದ ದೀಪ, ಮಡಿಚಿಹೋದ ಬಾನೆಟ್ಟು ಇವನ್ನೇ ನೋಡಿದ ಅವರಿಗೆ, ಲೋಕದಲ್ಲಿರುವುದು ಎರಡೇ ಬಗೆಯ ವಾಹನ: ಡಿಕ್ಕಿ ಹೊಡೆದದ್ದು, ಇನ್ನೂ ಹೊಡೆಯಬೇಕಾದದ್ದು.

ಹೀಗಿದ್ದೂ ನಿವೃತ್ತಿಯ ವರ್ಷ ಕ್ರೋಂಪೇಟೆಯ ಸ್ವಂತ ಮನೆಗೆ ಬೆಳ್ಳಿ ಬಣ್ಣದ ಒಂದು ಕಾರು ತಂದರು. ತಂದ ದಿನದಿಂದ ಅದನ್ನು ಓಡಿಸುವುದಕ್ಕಿಂತ ಕಾಯುವುದೇ ಹೆಚ್ಚಾಯಿತು. ಶೆಡ್ಡಿನಲ್ಲಿ ಕಾರಿನ ಮೇಲೆ ಮೊದಲು ಹಳೆಯ ಹತ್ತಿ ದುಪ್ಪಟಿ, ಅದರ ಮೇಲೆ ಕಾರಿನ ಕವರು. ಬೇಸಿಗೆಯಲ್ಲಿ ರಸ್ತೆ ಕಾದಿರುತ್ತದೆ ಎಂದು ಹೊರಗೆ ತೆಗೆಯುತ್ತಿರಲಿಲ್ಲ. ಮಳೆಗಾಲದಲ್ಲಿ ನೀರು ನಿಂತಿರುತ್ತದೆ ಎಂದು ತೆಗೆಯುತ್ತಿರಲಿಲ್ಲ. ಚೆನ್ನೈನಲ್ಲಿ ಇವೆರಡನ್ನು ಬಿಟ್ಟರೆ ಉಳಿಯುವುದು ಧನುರ್ಮಾಸ ಒಂದೇ. ಆಗ ಹೆಂಡತಿ ಲಕ್ಷ್ಮೀಯನ್ನು ಕೂರಿಸಿಕೊಂಡು ಮಠಕ್ಕೆ ಹೋಗಿ, ಹುಗ್ಗಿಯ ಪ್ರಸಾದ ತಿಂದು, ಸೀಟಿಗೆ ತುಪ್ಪದ ಕೈ ತಾಗದಂತೆ ಎಚ್ಚರಿಸುತ್ತ ವಾಪಸು ಬರುತ್ತಿದ್ದರು.

ಟೈರುಗಳ ಮೇಲಂತೂ ಅವರಿಗೆ ಪ್ರಾಣ. ಟೈರಿನ ಮೈಮೇಲಿರುವ ಉಬ್ಬು ತಗ್ಗಿನ ಅಚ್ಚನ್ನು ಇಲ್ಲಿನ ಗ್ಯಾರೇಜಿನವರು ಬಟನ್ ಎನ್ನುತ್ತಾರೆ. ಬಟನ್ ಸವೆದರೆ ಟೈರು ಮುಗಿಯಿತು ಎಂದರ್ಥ. ಬದರಿನಾಥರು ಪ್ರತಿ ಅಮಾವಾಸ್ಯೆಗೆ ಒಂದು ನಾಣ್ಯವನ್ನು ಆ ಸಂದಿಗೆ ತೂರಿಸಿ, ಎಷ್ಟು ಮುಳುಗಿತು ಎಂದು ನೋಡುತ್ತಿದ್ದರು. ಎಂದಿನಷ್ಟೇ ಮುಳುಗುತ್ತಿತ್ತು. ಬೀದಿನಾಯಿಗಳು ಬಂದು ಕಾಲೆತ್ತದಿರಲಿ ಎಂದು ಒಂದೊಂದು ಟೈರಿನ ಮುಂದೂ ನೀಲಿ ನೀರು ತುಂಬಿದ ಬಾಟಲಿ ಇಟ್ಟಿದ್ದರು. ನಾಯಿಗಳು ಬಾಟಲಿಯ ಮೇಲೇ ಕಾಲೆತ್ತಿ ಹೋಗುತ್ತಿದ್ದವು. ಅಂತೂ ಟೈರು ಉಳಿಯಿತಲ್ಲ ಎಂಬುದೇ ಅವರ ಸಮಾಧಾನ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಮಂಡ್ಯದ ಕಡೆಯ ಮೌನ. ಹೆಸರಿಗೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. ಒರಗಡಂನ ಕಾರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಮಗ ಗುರುಚರಣ ಅವಳನ್ನು ಕಂಡದ್ದು, ಮೆಚ್ಚಿದ್ದು, ಮದುವೆಯಾದದ್ದು ಎಲ್ಲ ಒಂದೇ ವರ್ಷದಲ್ಲಿ ನಡೆಯಿತು. ನಿಧಾನವೇ ಪ್ರಧಾನವಾದ ಆ ಮನೆಯಲ್ಲಿ ಅಷ್ಟು ಬೇಗ ನಡೆದ ಕೆಲಸ ಅದೊಂದೇ. ಅವಳ ಹಿಂದೆಯೇ ಅವಳ ಕೆಂಪು ಬಣ್ಣದ ಪುಟ್ಟ ಕಾರೂ ಬಂತು.

ಕೆಲವು ಭಾನುವಾರ ಮೌನ ಬೆಳಿಗ್ಗೆಯೇ ಕಾರು ತೆಗೆದುಕೊಂಡು "ಟ್ರ್ಯಾಕ್‌ಗೋಗ್ ಬತ್ತೀನತ್ತೆ" ಎಂದು ಹೊರಡುತ್ತಿದ್ದಳು. ಮಧ್ಯಾಹ್ನ ಬೆವರಿ, ಕೆಂಪಾಗಿ, ಹಸಿದು ಬಂದು ಸಾರನ್ನ ಮೂರು ಸಲ ಬಡಿಸಿಕೊಳ್ಳುತ್ತಿದ್ದಳು. ಬದರಿನಾಥರು ಅದನ್ನು ಪಾರ್ಕಿನ ವಾಕಿಂಗ್ ಟ್ರ್ಯಾಕು ಎಂದೇ ತಿಳಿದಿದ್ದರು. "ನಮ್ಮ ಸೊಸೆ ಹೆಲ್ತ್ ವಿಷಯದಲ್ಲಿ ಭಾರೀ ಸ್ಟ್ರಿಕ್ಟು" ಎಂದು ಬೀದಿಯವರ ಮುಂದೆ ಹೇಳಿಕೊಳ್ಳುತ್ತಿದ್ದರು. ನಡೆಯುವುದಕ್ಕೆ ಕಾರೇಕೆ ಬೇಕು ಎಂದು ಅವರೂ ಕೇಳಲಿಲ್ಲ, ಬೀದಿಯವರೂ ಕೇಳಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಗೇಟಿನ ಬಳಿ ಹೋದವರ ಕಣ್ಣು ಕೆಂಪು ಕಾರಿನ ಮುಂದಿನ ಎಡ ಟೈರಿನ ಮೇಲೆ ಬಿತ್ತು. ಪ್ಯಾಕೆಟ್ಟು ಕೈಯಲ್ಲಿರುವಂತೆಯೇ ಕುಕ್ಕುರುಗಾಲಿನಲ್ಲಿ ಕೂತರು. ಟೈರಿನ ಹೊರ ಅಂಚು ಬೋಳಾಗಿತ್ತು. ಉಳಿದ ಕಡೆ ಇಲಿ ಕಡಿದಂತೆ ಚೂರು ಚೂರು ಕಿತ್ತುಬಂದಿತ್ತು. ರಬ್ಬರಿನಿಂದ ಪೆನ್ಸಿಲ್ ಗೀಟು ಒರೆಸಿದಾಗ ಉದುರುತ್ತದಲ್ಲ, ಅಂಥ ಕರಿ ಹಿಟ್ಟು ಅಲ್ಲಲ್ಲಿ ಮೆತ್ತಿಕೊಂಡಿತ್ತು.

"ಗುರೂ! ಇಲ್ಲಿ ಬಾ! ನಿನ್ನ ಹೆಂಡ್ತಿಗೆ ಯಾವನೋ ಮೋಸ ಮಾಡಿದಾನೆ!"

ಹಲ್ಲುಜ್ಜುತ್ತಿದ್ದ ಗುರುಚರಣ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿಬಂದ. "ಎನ್ನಪ್ಪಾ? ಯಾರು?"

"ಟೈರ್ ಕಡೆಯವನು! ಹೋದ ದೀಪಾವಳಿಗೆ ತಾನೇ ಪುದುಸಾ, ಹೊಸದಾಗಿ ಹಾಕಿಸಿದ್ದು? ನೋಡು ಗತಿಯ. ಒಂದೋ ಡೂಪ್ಲಿಕೇಟ್ ಮಾಲು, ಇಲ್ಲ ಅಲೈನ್‌ಮೆಂಟ್ ಸರಿಯಾಗಿ ಮಾಡಿಲ್ಲ. ನಾನು ಹೋಗಿ ಅವನನ್ನ ವಿಚಾರಿಸ್ತೀನಿ."

ಗುರುಚರಣ ಬಾಯಿ ಮುಕ್ಕಳಿಸುವ ನೆಪದಲ್ಲಿ ಒಳಗೆ ಜಾರಿಕೊಂಡ. ಕಾಫಿಯ ಲೋಟ ಹಿಡಿದು ಮೌನ ಹೊರಗೆ ಬಂದಳು.

"ಅಂಗಡಿಯವ್ನ ತಪ್ಪಲ್ಲ ಮಾವ. ಅಲೈನ್‌ಮೆಂಟು ಸರಿಯಾಗೇ ಅದೆ. ಅದು ಟ್ರ್ಯಾಕಲ್ಲಿ ತಿರುಗ್ಸಿದ್ದಕ್ಕೆ ಸವ್ದಿರೋದು."

"ವಾಕಿಂಗ್ ಟ್ರ್ಯಾಕಲ್ಲಿ ಕಾರು ಓಡಿಸ್ತೀಯಾ?"

"ಅಯ್ಯೋ, ವಾಕಿಂಗಲ್ಲ ಮಾವ. ರೇಸ್ ಟ್ರ್ಯಾಕು. ಶ್ರೀಪೆರುಂಬುದೂರ್ ತಾವ ಇಲ್ವಾ, ಅದೇಯಾ. ನಾವ್ ರೇಸ್ ಮಾಡಕ್ಕಿಲ್ಲ. ನಮ್ ನಮ್ ಕಾರ್ ತಗಂಡೋಗಿ, ಒಬ್ಬೊಬ್ರೇ ಎಷ್ಟು ಬೇಗ ತಿರುಗ್ಸಕಾಯ್ತದೆ ನೋಡ್ಕತೀವಿ, ಅಷ್ಟೆ."

ಬದರಿನಾಥರು ಹಾಲಿನ ಪ್ಯಾಕೆಟ್ಟನ್ನು ಎದೆಗವುಚಿಕೊಂಡು ನಿಂತರು. ಸೊಸೆ ಭಾನುವಾರ ಹುಲಿಯ ಬೋನಿಗೆ ಹೋಗಿ ಬರುತ್ತೇನೆ ಎಂದಿದ್ದರೂ ಅವರಿಗೆ ಅಷ್ಟು ಗಾಬರಿ ಆಗುತ್ತಿರಲಿಲ್ಲ. ಆದರೂ ಅವರ ಬಾಯಿಂದ ಮೊದಲು ಬಂದ ಪ್ರಶ್ನೆ ಸೊಸೆಯ ಜೀವದ ಬಗ್ಗೆ ಅಲ್ಲ.

"ಹೀಗೆ ಓಡಿಸಿದ್ರೆ ಟೈರು ಎಷ್ಟು ದಿನ ತಡೀತದಮ್ಮಾ?"

"ಬಟನ್ ಲೆಕ್ಕ ಬ್ಯಾರೆ, ಗ್ರಿಪ್ ಲೆಕ್ಕ ಬ್ಯಾರೆ ಮಾವ. ರೋಡಲ್ಲಿ ಓಡ್ಸೋ ಟೈರು ಅದು, ರೇಸಿಗಂತ ಮಾಡಿದ್ದಲ್ಲ. ಮೊದಲ್ನೇ ಸುತ್ತು ತಣ್ಣಗಿರ್ತದೆ, ಅಷ್ಟು ಹಿಡಿಯಕ್ಕಿಲ್ಲ. ಆಮೇಲೆ ಎರಡು ಮೂರು ಸುತ್ತು ನೆಲಕ್ಕೆ ಅಂಟ್ಕಂಡಂಗೆ ಹಿಡೀತದೆ. ಆಮ್ಯಾಕೆ ಕಾದ್ಬುಟ್ಟು ಎಣ್ಣೆ ಸವರ್ದಂಗೆ ಜಾರಕ್ಕೆ ಶುರು. ಒಳಕ್ಕೆ ತಂದು ಆರಕ್ಕೆ ಬುಟ್ರೆ ತಿರ್ಗಾ ಗ್ರಿಪ್ ಬತ್ತದೆ. ಹಿಂಗೇ ಕಾಯ್ಸಿ ಆರ್ಸಿ, ಕಾಯ್ಸಿ ಆರ್ಸಿ, ನಾಕಾರು ಭಾನುವಾರಕ್ಕೆ ಟೈರ್ ಖತಂ."

"ಎರಡು ಮೂರು ಸುತ್ತು!" ಬದರಿನಾಥರು ಶೆಡ್ಡಿನ ಕಡೆ ಕೈ ಚಾಚಿದರು. "ಅದನ್ನ ನೋಡು. ಎಂಟು ವರ್ಷ. ಬಟನ್ ಹಾಗೇ ಇದೆ. ಇವತ್ತಿಗೂ ಗಟ್ಟಿಯಾಗಿ ಹಿಡಿದುಕೊಂಡಿದೆ."

"ಏನ ಹಿಡ್ಕಂಡದೆ ಮಾವ? ಶೆಡ್ ನೆಲವಾ?"

ಒಳಗೆ ಅಡಿಗೆಮನೆಯಲ್ಲಿ ಲಕ್ಷ್ಮೀಯ ನಗು ಕೇಳಿಸಿತು. ಅದನ್ನು ಮುಚ್ಚಲು ಅವರು ಒಂದು ಪಾತ್ರೆ ಬೀಳಿಸಿದ್ದೂ ಕೇಳಿಸಿತು.

ಆ ಮಾತು ಬದರಿನಾಥರಿಗೆ ಮುಳ್ಳಿನಂತೆ ಚುಚ್ಚಿಕೊಂಡು ಕೂತಿತು. ಹಾಗಾಗಿ ಮುಂದಿನ ತಿಂಗಳು ಮೌನಳ ಕಾರು ಕ್ಲಚ್ಚು ಕೆಟ್ಟು ಗ್ಯಾರೇಜು ಸೇರಿ, ಟ್ರ್ಯಾಕಿಗೆ ಹೆಸರು ಕೊಟ್ಟಿದ್ದ ಭಾನುವಾರ ಹತ್ತಿರವಾಗಿ, ಅವಳು ಸಪ್ಪಗೆ ಕೂತಿದ್ದಾಗ, ಊಟಕ್ಕೆ ಕುಳಿತಿದ್ದ ಬದರಿನಾಥರು ಯಾರೂ ಕೇಳದೆಯೇ ಹೇಳಿದರು:

"ನನ್ನ ಕಾರು ತಗೊಂಡು ಹೋಗಮ್ಮಾ."

ಗುರುಚರಣನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ಲಕ್ಷ್ಮೀ ಗಂಡನ ಹಣೆ ಮುಟ್ಟಿ ನೋಡಿದರು.

"ಜ್ವರ ಇಲ್ಲ ಕಣೇ. ಚೆನ್ನಾಗಿ ನೋಡ್ಕೊಂಡ ಟೈರು ಹೇಗಿರ್ತದೆ ಅಂತ ಇವಳ ಫ್ರೆಂಡ್ಸ್ ಎಲ್ಲ ಒಂದು ಸಲ ನೋಡಲಿ. ಆದ್ರೆ ನಾನೂ ಬರ್ತೀನಿ. ಪಕ್ಕದ ಸೀಟಲ್ಲಿ ಕೂರ್ತೀನಿ."

ಭಾನುವಾರ ನಾಲ್ವರೂ ಹೊರಟರು. ಲಕ್ಷ್ಮೀ ಪುಳಿಯೋಗರೆ, ಮೊಸರನ್ನ, ಮಾವಿನಕಾಯಿ ತೊಕ್ಕು ಕಟ್ಟಿಕೊಂಡಿದ್ದರು. ಗುರುಚರಣನಿಗೆ ಕಾರು ಜೋರಾಗಿ ಹೋದರೆ ವಾಂತಿ ಬರುತ್ತದೆ. ಹಾಗಾಗಿ ಅವನು ಟ್ರ್ಯಾಕ್ ಬಳಿ ಒಂದು ಮರ ಹುಡುಕಿ ಅದರಡಿಯಲ್ಲೇ ಮಲಗುವ ಏರ್ಪಾಡಿನಲ್ಲಿ ದಿಂಬು ತಂದಿದ್ದ.

ಅಲ್ಲಿ ಕಾರುಗಳನ್ನು ಒಂದೊಂದಾಗಿ ತಪಾಸಣೆ ಮಾಡುತ್ತಿದ್ದವನು ವರುಣ್ ಎಂಬ ಬೆಂಗಳೂರಿನ ಹುಡುಗ. ಮೌನಳ ಸಹೋದ್ಯೋಗಿ, ರಜಾದಿನದಲ್ಲಿ ಇದನ್ನೆಲ್ಲ ನಡೆಸುವವನು. "ಕಾರಲ್ಲಿ ಲೂಸ್ ಆಗಿರೋದು ಏನೂ ಇರಬಾರ್ದು ಅಂಕಲ್, ಎಲ್ಲ ತೆಗೆದುಬಿಡಿ" ಎಂದ. ಡಿಕ್ಕಿ ತೆರೆದದ್ದೇ ಸರಿ, ಹೊರಗೆ ಬಂದವು: ಎರಡು ಛತ್ರಿ, ಮಡಿಚುವ ಕುರ್ಚಿ, ಸಿಪ್ಪೆ ಸುಲಿಯದ ತೆಂಗಿನಕಾಯಿ, ನೀರಿನ ಕ್ಯಾನು, ಪಂಚೆ, ಹಳೆಯ ಪಂಚಾಂಗ, ಹಗ್ಗ, ಕಟ್ಟು ಕಟ್ಟು ಹಿಂದೂ ಪೇಪರು. ಪಕ್ಕದ ಕಾರಿನವನು ಮೆಲ್ಲನೆ, "ವೀಟ್ಟೈ ಕಾಲಿ ಪಣ್ಣಿಟ್ಟಾಂಗಳಾ?" ಎಂದು, ಮನೆಯನ್ನೇ ಖಾಲಿ ಮಾಡಿಬಿಟ್ಟರೇ ಎಂಬಂತೆ ಕೇಳಿದ. ಲಕ್ಷ್ಮೀ ಆ ಗುಡ್ಡೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತರು.

ವರುಣ್ ಟೈರಿನ ಬಳಿ ಬಗ್ಗಿದ. ಬದರಿನಾಥರು ಈ ಗಳಿಗೆಗೇ ಕಾದಿದ್ದರು. ಜೇಬಿನಿಂದ ನಾಣ್ಯ ತೆಗೆದು, "ಹಾಕಿ ನೋಡಪ್ಪಾ" ಎಂದರು.

ವರುಣ್ ನಾಣ್ಯ ತೆಗೆದುಕೊಳ್ಳಲಿಲ್ಲ. ಟೈರಿನ ಪಕ್ಕದ ಗೋಡೆಯಲ್ಲಿ ಉಬ್ಬಾಗಿ ಅಚ್ಚೊತ್ತಿದ್ದ ನಾಲ್ಕು ಅಂಕಿ ಓದಿದ. ಉಗುರಿನಿಂದ ರಬ್ಬರನ್ನು ಒತ್ತಿದ. ಉಗುರೇ ಬಾಗಿತು.

"ಅಂಕಲ್, ಇದು ಹದಿನೇಳನೇ ಇಸವೀಲಿ ತಯಾರಾದ ಟೈರು. ಕಾರ್ ಜೊತೆ ಬಂದಿದ್ದಾ?"

"ಹೌದು! ಒಂದನ್ನೂ ಬದಲಾಯಿಸಿಲ್ಲ!"

ಹುಡುಗ ಮೌನಳ ಮುಖ ನೋಡಿದ. ಮೌನ ಆಕಾಶ ನೋಡಿದಳು. "ಜೋರಾಗಿ ಬಿಡಕ್ಕಾಗಲ್ಲ ಅಂಕಲ್. ಮೊದಲು ಎಲ್ಲರಿಗೂ ದಾರಿ ತೋರಿಸೋ ನಿಧಾನದ ಸುತ್ತು ಇರುತ್ತೆ. ಬೇಕಾದ್ರೆ ಅದರಲ್ಲಿ ಹೋಗಿಬನ್ನಿ. ಅದಾದ ಮೇಲೆ ನೋಡೋಣ."

ಹೆಲ್ಮೆಟ್ಟು ಹಾಕಿಕೊಳ್ಳುವಾಗ ಬದರಿನಾಥರ ಹಣೆಯ ಕಪ್ಪು ಅಂಗಾರ, ಕೆಂಪು ಅಕ್ಷತೆ ಎಲ್ಲ ಮೂಗಿನ ಮೇಲಿಳಿಯಿತು. ಅದನ್ನು ಒರೆಸಿಕೊಳ್ಳಲು ಆಗದೆ, ಆ ಬಣ್ಣದ ಮೂಗಿನಲ್ಲೇ ಮೌನಳ ಪಕ್ಕ ಕೂತು ಸೀಟು ಬೆಲ್ಟು ಬಿಗಿದುಕೊಂಡರು. ಮುಂದೆ ವರುಣನ ಕಾರು, ಹಿಂದೆ ಸಾಲಾಗಿ ಏಳೆಂಟು ಕಾರು. ಜಿಎಸ್‌ಟಿ ರಸ್ತೆಯಲ್ಲಿ ಸಿಟಿ ಬಸ್ಸು ಹೋಗುವ ವೇಗ. ಬದರಿನಾಥರಿಗೆ ಧೈರ್ಯ ಬಂತು. ಮಾತೂ ಬಂತು.

"ನೋಡಿದೆಯಾ ಮೌನಾ, ಎಷ್ಟು ಸ್ಮೂತಾಗಿ ಹೋಗ್ತಾ ಇದೆ? ಯಾಕೆ? ಬಟನ್ ಇದೆ. ಬಿಸಿಲು ತಾಗಿಸಿಲ್ಲ, ಧೂಳು ಕೂರಿಸಿಲ್ಲ. ಆ ಹುಡುಗ ಏನೋ ನಾಲ್ಕು ನಂಬರ್ ಓದಿಬಿಟ್ಟ. ನಂಬರಲ್ಲಿ ಏನಮ್ಮಾ ಇದೆ? ವಸ್ತುವನ್ನ ನೋಡ್ಕೊಳ್ಳೋ ರೀತಿಯಲ್ಲಿ…"

ಅಷ್ಟರಲ್ಲಿ ಬಲಕ್ಕೊಂದು ತಿರುವು ಬಂತು. ಮುಂದಿನ ಕಾರು ತಿರುಗಿತು. ಮೌನಳೂ ಸ್ಟೇರಿಂಗು ತಿರುಗಿಸಿದಳು. ಕಾರು ತಿರುಗಲಿಲ್ಲ. ಅದು ತನ್ನ ಪಾಡಿಗೆ ನೆಟ್ಟಗೆ, ಯಾವ ಸದ್ದೂ ಇಲ್ಲದೆ, ಎಣ್ಣೆ ಕುಡಿದ ಕಾವಲಿಯ ಮೇಲೆ ದೋಸೆ ಸರಿದಂತೆ ಸರಿಯಿತು. ಮೌನ ಕಾಲು ಹಗುರ ಮಾಡಿದಳು. ಆಗ ಹಿಂಭಾಗ ತನಗೂ ಒಂದು ಅವಕಾಶ ಕೊಡಿ ಎಂಬಂತೆ ಮುಂದೆ ಬಂತು. ಟ್ರ್ಯಾಕು, ಹುಲ್ಲು, ಮರ, ಮರದಡಿ ಮಲಗಿದ ಗುರುಚರಣ, ಮತ್ತೆ ಟ್ರ್ಯಾಕು, ಎಲ್ಲ ಕಿಟಕಿಯಲ್ಲಿ ಒಂದಾದಮೇಲೊಂದು ಹಾದುಹೋದವು. ಕೊನೆಗೆ ಕಾರು ಹುಲ್ಲಿನ ಮೇಲೆ, ಬಂದ ದಾರಿಯ ಕಡೆಗೇ ಮುಖ ಮಾಡಿ, ಏನೂ ಆಗಿಲ್ಲವೆಂಬಂತೆ ನಿಂತಿತು.

ಮಣ್ಣಿನ ಧೂಳು ಬಾನೆಟ್ಟಿನ ಮೇಲೆ ಮೆಲ್ಲಗೆ ಕೂರುತ್ತಿತ್ತು.

"ಮಾವ, ಪೆಟ್ಟೇನಾರ ಆಯ್ತಾ?"

"ಇದಕ್ಕೆ ಕ್ಲೇಮ್ ಬರೋಲ್ಲ" ಎಂದರು ಬದರಿನಾಥರು ಹೆಲ್ಮೆಟ್ಟಿನೊಳಗಿನಿಂದ. "ಟ್ರ್ಯಾಕಲ್ಲಿ ಓಡಿಸಿದ್ದಕ್ಕೆ ಕ್ಲೇಮ್ ಇಲ್ಲ. ಬಂದಿದ್ರೆ ನಾನೇ ರಿಜೆಕ್ಟ್ ಮಾಡಿರ್ತಿದ್ದೆ."

ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅವರು ಇಳಿದು ನಾಲ್ಕೂ ಟೈರನ್ನು ಸುತ್ತಿ ನೋಡಿದರು. ಬಟನ್ ಎಂದಿನಂತೆಯೇ ಇತ್ತು. ಅದೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು. ಸವೆದಿದ್ದರೆ ಬೈಯಬಹುದಿತ್ತು. ತಪ್ಪೇ ಕಾಣದ ಮಗುವನ್ನು ಏನೆಂದು ಗದರಿಸುವುದು?

ಒಳಗೆ ಬಂದಮೇಲೆ ವರುಣ್ ನೀರು ಕೊಟ್ಟು ಬಿಡಿಸಿ ಹೇಳಿದ. ರಬ್ಬರು ಓಡಿದರೂ ಗಟ್ಟಿಯಾಗುತ್ತದೆ, ಓಡದೆ ನಿಂತರೂ ಆಗುತ್ತದೆ. ನೆಲಕ್ಕೆ ಅಂಟುವುದು ಅದರ ಮೆತ್ತಗಿನ ಗುಣದಿಂದ, ಅಚ್ಚಿನ ಆಳದಿಂದಲ್ಲ. ಅಚ್ಚು ಬೇಕಾಗುವುದು ಮಳೆಯ ನೀರು ಸರಿಸಲು.

"ಹಾಗಾದ್ರೆ ನಾನು ಎಂಟು ವರ್ಷ ಕಾಪಾಡಿದ್ದು?"

"ಅಚ್ಚನ್ನ ಅಂಕಲ್."

ಲಕ್ಷ್ಮೀ ಪುಳಿಯೋಗರೆಯ ಡಬ್ಬಿ ಬಿಚ್ಚುತ್ತ, "ನನ್ನ ಧಾರೆ ಸೀರೆ ಇದ್ದಂಗೆ" ಎಂದರು. "ಒಂದು ದಿನ ಉಡಬಿಡಲಿಲ್ಲ ಇವರು. ಜರಿ ಹಾಳಾಗ್ತದೆ ಅಂತ. ಗುರು ಮದುವೆಗೆ ಅಂತ ತೆಗೆದರೆ ಮಡಿಕೆ ಮಡಿಕೆಯಲ್ಲೂ ಸೀಳು." ಹೇಳುತ್ತ ಹೇಳುತ್ತ ಅವರಿಗೆ ನಗು ತಡೆಯಲಾಗಲಿಲ್ಲ. "ಸಾರಿ ರೀ, ದೂರದಿಂದ ನೋಡ್ದೆ. ನೀವು ಕೈ ಆಡಿಸ್ಕೊಂಡು ಏನೋ ಹೇಳ್ತಾ ಇದ್ರಿ, ಹಾಗೇ ತಿರುಗಿಬಿಟ್ರಿ. ದಸರಾ ಗೊಂಬೆ ತಿರುಗಿದ ಹಾಗೆ."

"ಪೋದುಂ, ಸಾಕು" ಎಂದರು ಬದರಿನಾಥರು. ಆದರೂ ಎರಡನೇ ಸಲ ಪುಳಿಯೋಗರೆ ಹಾಕಿಸಿಕೊಂಡರು.

ಊಟದ ಮೇಲೆ ಮಾವನ ಮುಖ ನೋಡಲಾಗದೆ ಮೌನ ವರುಣನ ಕಿವಿಯಲ್ಲಿ ಏನೋ ಹೇಳಿದಳು. ವರುಣ್ ಬಂದು, "ಅಂಕಲ್, ನನ್ನ ಕಾರಲ್ಲಿ ಬರ್ತೀರಾ? ನಂದೂ ಮಾಮೂಲಿ ರೋಡ್ ಟೈರೇ. ಈ ವರ್ಷದ್ದು. ಬೇಡ ಅಂದ ತಕ್ಷಣ ನಿಲ್ಲಿಸ್ತೀನಿ" ಎಂದ.

ಬದರಿನಾಥರು ಯಾಕೆ ಒಪ್ಪಿದರೋ ಅವರಿಗೇ ತಿಳಿಯದು. ಮೊದಲ ಸುತ್ತಿನಲ್ಲಿ ಎರಡೂ ಕೈಯಿಂದ ಸೀಟನ್ನು ಹಿಡಿದು ಕಣ್ಣು ಮುಚ್ಚಿದ್ದರು. ಎರಡನೇ ಸುತ್ತಿನಲ್ಲಿ, ತಾವು ಗಿರಗಿಟ್ಟೆಯಾದ ಆ ತಿರುವಿನಲ್ಲೇ, ಕಾರು ಆಗಿನ ಎರಡರಷ್ಟು ವೇಗದಲ್ಲಿ ಬಂದು, ನೆಲಕ್ಕೆ ಹೊಲಿದಂತೆ ತಿರುಗಿತು. ಅವರ ಭುಜ ಬಾಗಿಲಿಗೆ ಒತ್ತಿತು, ಹೊಟ್ಟೆಯಲ್ಲಿದ್ದ ಪುಳಿಯೋಗರೆ ಎಡಕ್ಕೆ ಸರಿಯಿತು. ಕಾರು ಮಾತ್ರ ಒಂದು ಬೆರಳಷ್ಟೂ ಸರಿಯಲಿಲ್ಲ. ಬದರಿನಾಥರು ಕಣ್ಣು ಬಿಟ್ಟರು. ಆಮೇಲೆ ಮುಚ್ಚಲಿಲ್ಲ.

ನಾಲ್ಕೈದು ಸುತ್ತಾದ ಮೇಲೆ ಟೈರುಗಳು ಒಂದು ತರಹ ಗೋಳಾಡಲು ಶುರುಮಾಡಿದವು. ಹಿಂದಿನ ಭಾಗ ಸಣ್ಣಗೆ ಸೊಂಟ ಬಳುಕಿಸಿತು.

"ಈಗ ಕಾದಿದೆ ಅಂಕಲ್. ಸಾಕು ಅಂತಿದೆ" ಎಂದು ವರುಣ್ ವೇಗ ಇಳಿಸಿ, ಒಂದು ಸುತ್ತು ಗಾಳಿಗೆ ಆರಿಸುತ್ತ ಬಂದು ನಿಲ್ಲಿಸಿದ. ಬದರಿನಾಥರು ಇಳಿದವರೇ ಟೈರನ್ನು ಮುಟ್ಟಿದರು. ಕೈ ಚುರ್ ಎಂದಿತು. ಅಂಟಂಟಾಗಿ ಕರಗಿದ ಬೆಲ್ಲದಂತಿತ್ತು. ದಾರಿಯ ಸಣ್ಣ ಹರಳುಗಳೆಲ್ಲ ಅದಕ್ಕೆ ಮೆತ್ತಿಕೊಂಡಿದ್ದವು. ಮೂವತ್ತು ವರ್ಷ ವಾಹನಗಳ ನಡುವೆಯೇ ಬದುಕಿದ್ದರೂ ಅವರು ದುಡಿದು ಬಂದ ಟೈರನ್ನು ಮುಟ್ಟಿದ್ದು ಅದೇ ಮೊದಲು. ಅವರು ನೋಡಿದ್ದವೆಲ್ಲ ಸತ್ತಮೇಲೆ ಬಂದವು.

ಅಂದು ಸಂಜೆಯವರೆಗೆ ಅವರು ಸುಮ್ಮನೆ ಕೂರಲಿಲ್ಲ. ಹೊರಗೆ ಬಂದ ಒಂದೊಂದು ಕಾರಿನ ಹಿಂದೆಯೂ ಓಡಿ, "ನಿಮ್ಮದು ಎಷ್ಟು ಸುತ್ತು ಹಿಡೀತು?" ಎಂದು ಕೇಳಿದರು. ಒಬ್ಬ ಮೂರು ಎಂದ, ಇನ್ನೊಬ್ಬ ಹತ್ತು ಎಂದ. ಕಾರು ಭಾರವಾದರೆ ಬೇಗ ಕಾಯುತ್ತದೆ ಎಂದ ಒಬ್ಬ. ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಅದನ್ನು ಸ್ವಲ್ಪ ಬಿಟ್ಟರೆ ಇನ್ನೆರಡು ಸುತ್ತು ಸಿಗುತ್ತದೆ ಎಂದ ಮತ್ತೊಬ್ಬ. ಅಚ್ಚು ಅರ್ಧ ಸವೆದ ಟೈರೇ ಹೊಸದಕ್ಕಿಂತ ಹೆಚ್ಚು ಹೊತ್ತು ತಡೆಯುತ್ತದೆ ಎಂದು ಮೌನ ಹೇಳಿದಾಗ ಮಾತ್ರ ಬದರಿನಾಥರು ಕೋಪದಿಂದ, "ಹೀಗೂ ಉಂಟಾ?" ಎಂದರು.

"ಊಂ ಮಾವ. ಹೊಸದ್ರಲ್ಲಿ ಬಟನ್ ಉದ್ದ ಇರ್ತದಲ್ಲ, ಅದು ಅಳ್ಳಾಡಿ ಅಳ್ಳಾಡಿ ಬೇಗ ಕಾಯ್ತದೆ."

"ಅಕ್ರಮ!" ಎಂದರು ಬದರಿನಾಥರು.

ಕಪ್ಪು ಕಾರಿನ ಒಬ್ಬ, ಇವರು ಯಾವ ಕಂಪನಿಯವರು ಎಂದು ಕೇಳಿದ. ಅಭ್ಯಾಸಬಲದಿಂದ "ಇನ್ಶೂರೆನ್ಸು, ಮೋಟಾರ್ ಕ್ಲೇಮ್ಸು" ಎಂದುಬಿಟ್ಟರು. ಅವನು ಬಿಳಚಿಕೊಂಡು, ನಂಬರ್ ಪ್ಲೇಟಿನ ಮುಂದೆ ಅಡ್ಡ ನಿಂತ.

ಮನೆಗೆ ಬರುವಾಗ ಸ್ಟೇರಿಂಗು ಹಿಡಿದಿದ್ದ ಮೌನಳಿಗೆ ಬದರಿನಾಥರು ಎತ್ತಿನ ಗಾಡಿಯ ವೇಗ ದಾಟಲು ಬಿಡಲಿಲ್ಲ. ಆಟೋಗಳು ಹಾರನ್ ಹೊಡೆದವು, ಒಬ್ಬ ಸೈಕಲ್ಲಿನವನು ಕಿಟಕಿಯೊಳಗೆ ಇಣುಕಿ ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿ ಮುಂದೆ ಹೋದ. ಪಲ್ಲಾವರಂ ದಾಟುವಾಗ ಅವರು ಹಿಂದೆ ತಿರುಗಿ ಹೆಂಡತಿಯನ್ನು ನೋಡಿದರು.

"ಲಕ್ಷ್ಮೀ, ಹೋದ ಧನುರ್ಮಾಸ ಅಕಾಲದ ಮಳೆಯಲ್ಲಿ ಮಠದಿಂದ ಬಂದೆವಲ್ಲ. ಇದೇ ಟೈರಲ್ಲಿ."

"ಬಂದು ಸೇರಿದೆವಲ್ಲ ರೀ."

"ಸೇರಿದೆವು" ಎಂದರು. ಹಿಂದಿನ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು, ಒದ್ದೆ ರಸ್ತೆಯಲ್ಲಿ, ಕಲ್ಲಿನಂಥ ನಾಲ್ಕು ಚಕ್ರಗಳನ್ನು ನಂಬಿ ಎಷ್ಟು ಧೈರ್ಯವಾಗಿ ಬಂದಿದ್ದೆನಲ್ಲ ಎಂಬುದೇ ಅವರ ತಲೆಯಲ್ಲಿ ಸುತ್ತುತ್ತಿತ್ತು.

ಮರುದಿನವೇ ಟೈರಂಗಡಿಗೆ ಹೋದರು. ಅಂಗಡಿಯವನು ತಂದ ಒಂದೊಂದು ಟೈರನ್ನೂ ಉರುಳಿಸಿ, ಕನ್ನಡಕ ಏರಿಸಿ, ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿ ಹುಡುಕಿ, ಇದು ಹೋದ ವರ್ಷದ್ದು, ಇದು ಆರು ತಿಂಗಳ ಹಿಂದಿನದು ಎಂದು ವಾಪಸು ಕಳಿಸಿದರು. ಕೊನೆಗೆ ಅಂಗಡಿಯವನು ಕೈ ಮುಗಿದು, "ಸಾರ್, ಇದು ಟೈರು, ಹಾಲಿನ ಪ್ಯಾಕೆಟ್ಟಲ್ಲ" ಎಂದು ತಮಿಳಿನಲ್ಲಿ ಹೇಳಿದ. ಆದರೂ ಬಿಡದೆ, ಹಿಂದಿನ ತಿಂಗಳಷ್ಟೇ ಕಾರ್ಖಾನೆಯಿಂದ ಹೊರಬಂದ ನಾಲ್ಕನ್ನು ಆರಿಸಿ ಹಾಕಿಸಿಕೊಂಡು ಬಂದರು. ಹಳೆಯವನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ತಾರಸಿಯಲ್ಲಿ ಒಂದರ ಮೇಲೊಂದು ಜೋಡಿಸಿಟ್ಟರು. ಮಳೆ ಬಂದು ಅವುಗಳೊಳಗೆ ನೀರು ನಿಂತು, ಡೆಂಗಿ ತಪಾಸಣೆಗೆಂದು ಬಂದ ಕಾರ್ಪೊರೇಷನ್ನಿನ ಇಬ್ಬರು ಹೆಂಗಸರು ಅದರಲ್ಲಿ ಟಾರ್ಚು ಬಿಟ್ಟು ನೋಡಿ, ಮರಿಹುಳ ತೋರಿಸಿ, ಇಡೀ ಬೀದಿಗೆ ಕೇಳುವಂತೆ ಬೈದರು. ಅಂದು ಮಧ್ಯಾಹ್ನವೇ ಹಳೇ ಸಾಮಾನಿನವನು ಬಂದು ನಾಲ್ಕನ್ನೂ ಎತ್ತಿಕೊಂಡು ಹೋದ.

ಇಲ್ಲಿಂದ ಮುಂದೆ ಲಕ್ಷ್ಮೀಯ ಕಷ್ಟ ಬೇರೆ ಬಗೆಯದಾಯಿತು. ಇಟ್ಟರೂ ಟೈರು ಮುದಿಯಾಗುತ್ತದೆ ಎಂಬ ವಿಷಯ ಬದರಿನಾಥರ ತಲೆ ಹೊಕ್ಕಮೇಲೆ, ಅದು ಮುದಿಯಾಗುವುದರೊಳಗೆ ಸವೆಸಿ ಮುಗಿಸಬೇಕೆಂಬ ಅವಸರ ಹತ್ತಿತು. ಬೆಳಗಾದರೆ, "ಏಳು ಲಕ್ಷ್ಮೀ, ಟೈರಿಗೆ ವಯಸ್ಸಾಗ್ತಾ ಇದೆ" ಎಂದು ಎಬ್ಬಿಸುತ್ತಿದ್ದರು. ಒಂದು ವಾರ ಕಾಂಚೀಪುರ, ಒಂದು ವಾರ ಮಹಾಬಲಿಪುರ. ತರಕಾರಿಗೆ ಪಕ್ಕದ ಬೀದಿ ಬಿಟ್ಟು ದೂರದ ಕೋಯಂಬೇಡಿಗೆ. ಕೋಡಂಬಾಕ್ಕಂನಲ್ಲಿರುವ ಲಕ್ಷ್ಮೀಯ ತಂಗಿಯ ಮನೆಗೆ ತಿಂಗಳಲ್ಲಿ ನಾಲ್ಕು ಸಲ ಹೋದಾಗ, ಆ ತಂಗಿ ಅಕ್ಕನನ್ನು ಒಳಗೆ ಕರೆದು ಭಾವನವರ ಜೊತೆ ಜಗಳವೇನಾದರೂ ಆಗಿದೆಯೇ ಎಂದು ಕೇಳಿದಳು.

"ಜಗಳ ಇಲ್ಲ ಕಣೆ. ಟೈರು" ಎಂದರು ಲಕ್ಷ್ಮೀ. "ನಲವತ್ತು ವರ್ಷದಲ್ಲಿ ನೋಡದ ಊರೆಲ್ಲ ಈ ಆರು ತಿಂಗಳಲ್ಲಿ ನೋಡಿದೆ. ಮಂಡಿ ನೋವು. ಆದ್ರೆ ಆ ಸಮುದ್ರದ ರಸ್ತೆ ಇದೆಯಲ್ಲ, ಅಲ್ಲಿ ಹೋಗ್ತಾ ಕಿಟಕಿ ಇಳಿಸಿದ್ರೆ, ಅಹಹ."

ಮತ್ತೆ ಟ್ರ್ಯಾಕಿಗೆ ಹೋಗೋಣ ಎಂದು ಮೊದಲು ಹೇಳಿದವರೂ ಬದರಿನಾಥರೇ. ಮಾರ್ಚಿನಲ್ಲಿ, ಬಿಸಿಲು ಏರುವ ಮೊದಲಿನ ಒಂದು ಭಾನುವಾರ. ಈ ಸಲ ಅವರೇ ಓಡಿಸುವುದು, ಅದೂ ನಿಧಾನದವರ ಗುಂಪಿನಲ್ಲಿ. ಲಕ್ಷ್ಮೀ ತಾವೂ ಕೂರುತ್ತೇನೆಂದರು. ಹೆಲ್ಮೆಟ್ಟಿನೊಳಗೆ ತುರುಬು ಹಿಡಿಸಲಿಲ್ಲ. ಮೌನ ಅತ್ತೆಯ ತುರುಬು ಬಿಚ್ಚಿ, ಮಲ್ಲಿಗೆಯನ್ನು ತೆಗೆದು ತನ್ನ ಮುಡಿಗೆ ಸಿಕ್ಕಿಸಿಕೊಂಡು, ಜಡೆ ಹೆಣೆದು ಕೆಳಗೆ ಬಿಟ್ಟಳು. ಲಕ್ಷ್ಮೀ ಹಿಂದಿನ ಸೀಟಿನಲ್ಲಿ ಕೂತು, ಸೆರಗು ಸಿಕ್ಕಿಸಿಕೊಂಡು, ಹೆಲ್ಮೆಟ್ಟಿನ ಕಿಂಡಿಯಿಂದ ಹೊರಗೆ ನೋಡಿದರು.

ಬದರಿನಾಥರು ಎರಡೂ ಕೈಯಿಂದ ಸ್ಟೇರಿಂಗು ಹಿಡಿದು ಹೊರಟರು. ಪ್ರತಿ ತಿರುವಿಗೂ ಮುಂಚೆ, ಯಾರಿಗೋ ಗೊತ್ತಿಲ್ಲ, ಇಂಡಿಕೇಟರು ಹಾಕಿದರು. ಮೊದಲ ಸುತ್ತಿನಲ್ಲಿ ಮೂರು ಕಾರು ದಾಟಿ ಹೋದವು. ಎರಡನೇ ಸುತ್ತಿನಲ್ಲಿ ಇನ್ನೆರಡು. ಮೂರನೇ ಸುತ್ತಿನಲ್ಲಿ ಒಂದು ಹಳೆಯ ಹಸಿರು ಕಾರು ಹಿಂದೆ ಬಂದು, ದಾಟಲೋ ಬೇಡವೋ ಎಂದು ನೋಡತೊಡಗಿತು.

"ಏನ್ರೀ" ಹಿಂದಿನಿಂದ ಲಕ್ಷ್ಮೀಯ ದನಿ ಬಂತು. "ಅದೂ ದಾಟಿ ಹೋಗೋದಾ?"

"ಹೋಗಲಿ ಬಿಡೇ. ನಾವು ನಮ್ಮ ಸ್ಪೀಡಲ್ಲಿ…"

"ಎಲ್ಲರೂ ಹೋದರು. ಅದರ ಬಂಪರ್ ನೋಡಿ, ತಂತಿಯಲ್ಲಿ ಕಟ್ಟಿದಾರೆ. ಅದಕ್ಕೂ ಬಿಟ್ಟುಕೊಡ್ತೀರಾ? ಒಂದು ಚೂರು ಒತ್ತಿ!"

ಬದರಿನಾಥರು ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದರು. ಹೆಲ್ಮೆಟ್ಟಿನೊಳಗೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಅವು ಆ ಹಸಿರು ಕಾರನ್ನೇ ನುಂಗುವಂತೆ ನೋಡುತ್ತಿದ್ದವು. ಅವರು ಉಸಿರು ಹಿಡಿದು ಒತ್ತಿದರು. ಬಲದ ತಿರುವು ಬಂತು. ಅವರು ತಿರುಗಿಸಿದರು, ಕಾರೂ ತಿರುಗಿತು. ಕೆಳಗಿನಿಂದ ಸಣ್ಣಗೆ, ಎಳೆಗರು ಕೂಗಿದಂಥ ಒಂದು ದನಿ ಬಂತು.

"ಅದೇನ್ರೀ ಸದ್ದು?"

"ಟೈರು ಕಣೇ" ಎಂದರು ಬದರಿನಾಥರು. 

"ನಿಲ್ಲಿಸಬೇಕಾ?"

"ಬೇಡ. ಇನ್ನೂ ಹಿಡೀತಾ ಇದೆ" ಎಂದು, ಇಂಡಿಕೇಟರು ಹಾಕದೆಯೇ ಮುಂದಿನ ತಿರುವಿಗೆ ನುಗ್ಗಿದರು. ಹಸಿರು ಕಾರು ಒಂದು ಮಾರು ಹಿಂದೆ ಬಿತ್ತು, ಹಿಂದಿನ ಸೀಟಿನಲ್ಲಿ ಲಕ್ಷ್ಮೀ ಚಪ್ಪಾಳೆ ತಟ್ಟಿದರು.